‘ಬೆಟ್ಟದ ಜೀವ’ ಮತ್ತೆ ಓದಿದೆ, ಈಗ ತೋಟ ಮಾರಲು ಮನಸ್ಸು ಬರುತ್ತಿಲ್ಲ: ಕಾರಂತರ ಕಾದಂಬರಿಗಳಿಂದ ನೀವು ಬದುಕಿಗೆ ಏನು ತೆಗೆದುಕೊಂಡಿರಿ?

ತೋಟದ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮದು ಸುಳ್ಯ ತಾಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ಅಡಿಕೆ ತೋಟ ಇದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮನಿಗೆ 71, ಮನೆಯಲ್ಲಿ ಒಬ್ಬರೇ. ನಾನು ಕೆಲಸದ ಮೇಲೆ ಬೆಂಗಳೂರಿನಲ್ಲಿ ಇದ್ದೇನೆ, ಹೆಂಡತಿ ಮತ್ತು ಮಗಳು ಜೊತೆಗಿದ್ದಾರೆ. ತೋಟಕ್ಕೆ ಹಳದಿ ಎಲೆ ರೋಗ ಹಿಡಿದಿದೆ. ಕೆಳಗಿನ ತೋಟದಲ್ಲಿ ಅರ್ಧಕ್ಕರ್ಧ ಮರ ಹೋಯಿತು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಬಿಡಬೇಕು, ಮರ ಹತ್ತುವವರು ಸಿಗುವುದಿಲ್ಲ. ಸಿಕ್ಕರೂ ಅವರು ಬರುವ ದಿನ ನನಗೆ ರಜೆ ಇರುವುದಿಲ್ಲ. ಈಗ ಒಬ್ಬರು ತೋಟ ಕೇಳಿಕೊಂಡು ಬಂದಿದ್ದಾರೆ. ಹೇಳಿದ ಬೆಲೆ ಚೆನ್ನಾಗಿಯೇ ಇದೆ. ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರೋಣ ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೆವು.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ಕಪಾಟಿನಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಸಿಕ್ಕಿತು. ಕಾಲೇಜಿನಲ್ಲಿ ಇದ್ದಾಗ ಒಮ್ಮೆ ಓದಿದ್ದೆ. ಆಗ ನನಗೆ ಕಂಡದ್ದು ಕಾಡು, ಹುಲಿ, ಕುಮಾರಪರ್ವತ. ಕತೆ ಹೇಳುವ ಶಿವರಾಮಯ್ಯ ದಾರಿ ತಪ್ಪಿ, ದೇರಣ್ಣ ಮತ್ತು ಬಟ್ಯನ ಜೊತೆ ರಾತ್ರಿ ಕೆಳಬೈಲಿನ ಒಂದು ಮನೆಗೆ ಬರುವುದು ಒಂದು ಸಾಹಸದ ಕತೆಯ ಹಾಗೆ ಅನ್ನಿಸಿತ್ತು. ಈ ಸಲ ಓದುವಾಗ ಪುಟ ಪುಟದಲ್ಲೂ ಕಂಡವನು ಶಂಭು. ಆ ಮನೆಯ ಮುದುಕ ದಂಪತಿ ಗೋಪಾಲಯ್ಯ ಮತ್ತು ಶಂಕರಿಯ ಮಗ, ಮನೆ ಬಿಟ್ಟು ಹೋದವನು. ಅವನು ಎಲ್ಲಿಯೂ ಎದುರಿಗೆ ಬರುವುದಿಲ್ಲ. ಆದರೆ ಆ ಮನೆಯ ಪ್ರತಿ ಮಾತೂ ಅವನ ಸುತ್ತಲೇ ಸುಳಿಯುತ್ತದೆ. ಅಮ್ಮ ಒಳಗೆ ಅನ್ನಕ್ಕೆ ಇಟ್ಟಿದ್ದರು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಈ ಕತೆಯಲ್ಲಿ ನಾನು ಯಾರು ಅನ್ನುವುದು ಅಲ್ಲೇ ಗೊತ್ತಾಯಿತು.

ಅಂದಿನಿಂದ ಕ್ರಯದ ಮಾತು ಮುಂದೂಡುತ್ತಾ ಇದ್ದೇನೆ. ಕಾರಂತರನ್ನು ಓದಿ ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಯಾವ ಪುಸ್ತಕ, ಅದು ನಿಮ್ಮ ಬದುಕಿನಲ್ಲಿ ಏನು ಬದಲಿಸಿತು? ನಿಜವಾಗಿಯೂ ಗೊಂದಲದಲ್ಲಿ ಇದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇ ಪುಸ್ತಕ

ನಿಮ್ಮ ಬರಹ ಎರಡು ಸಲ ಓದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಬೆಟ್ಟದ ಜೀವ’ ನೆಲ ಬಿಡಬೇಡ ಅಂತ ಎಲ್ಲೂ ಹೇಳುವುದಿಲ್ಲ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದವರು, ಸರಿ. ಆದರೆ ಅಷ್ಟು ಕಷ್ಟಪಟ್ಟು ಮಾಡಿದ್ದು ಯಾರಿಗಾಗಿ ಅನ್ನುವ ಪ್ರಶ್ನೆಗೆ ಅವರ ಬಳಿ ಸುಲಭದ ಉತ್ತರ ಇಲ್ಲ. ಕಾಟುಮೂಲೆಯಲ್ಲಿ ಅವರ ಇನ್ನೊಂದು ತೋಟ ನೋಡಿಕೊಂಡು ದುಡಿಯುವ ನಾರಾಯಣನಿಗೂ ಅದೇ ಚಿಂತೆ. ಈ ಮಣ್ಣು ನಾಳೆ ನನ್ನದಾ, ಶಂಭು ಬಂದರೆ ಅವನದಾ?

ಕಾದಂಬರಿ ಬಂದದ್ದು 1943ರಲ್ಲಿ. ಕಾರಂತರಿಗೆ ಆಗ 40ರ ಆಸುಪಾಸು. ಆ ವಯಸ್ಸಿನ ಒಬ್ಬರು ಮುದುಕರ ಒಳಗನ್ನು ಇಷ್ಟು ಮೆತ್ತಗೆ ಹೇಗೆ ಹಿಡಿದರು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ನಾನು ತೆಗೆದುಕೊಂಡದ್ದು ಬೇರೆಯೇ. ಬಂದ ಅತಿಥಿಗೆ ಗೋಪಾಲಯ್ಯ ಎಣ್ಣೆ ಹಚ್ಚಿಸಿ ಬಿಸಿನೀರು ಹೊಯ್ಯುವ ಭಾಗ ನೆನಪಿದೆಯಲ್ವಾ? ಮಗ ಹೋದ ನೋವು ಎದೆಯಲ್ಲಿ ಇದೆ. ಆದರೂ ಗುರುತು ಪರಿಚಯ ಇಲ್ಲದ ಹುಡುಗನ ಮೈ ನೋವು ಹೋಗಲಿ ಅಂತ ಹಂಡೆ ನೀರು ಕಾಯಿಸುತ್ತಾರೆ, ತಮಾಷೆ ಮಾಡುತ್ತಾರೆ, ಶಂಕರಿಯನ್ನು ಕೆಣಕುತ್ತಾರೆ. ನನ್ನ ತಮ್ಮ ತೀರಿಕೊಂಡ ವರ್ಷ ನಾನು ಆರು ತಿಂಗಳು ಯಾರನ್ನೂ ಮನೆಗೆ ಕರೆಯಲಿಲ್ಲ. ಆಮೇಲೆ ಒಂದು ದಿನ ಈ ಭಾಗ ಓದಿದೆ. ಮರುದಿನವೇ ತಮ್ಮನ ಗೆಳೆಯರನ್ನು ಊಟಕ್ಕೆ ಕರೆದೆ. ದುಃಖ ಕಡಿಮೆ ಆಗಲಿಲ್ಲ. ಮನೆಯಲ್ಲಿ ಮಾತು ಮಾತ್ರ ಶುರುವಾಯಿತು.

ಮಸ್ಕತ್ ವಾಸಿ

18 ವರ್ಷದಿಂದ ಹೊರಗೆ ಇದ್ದೇನೆ. ನಾನೂ ಶಂಭುವೇ.

ಬಹಳ ಬರೆಯಲು ಆಗುವುದಿಲ್ಲ. ಒಂದೇ ವಿಷಯ. ಶಂಭು ಹೋದದ್ದಕ್ಕಿಂತ ಜಾಸ್ತಿ ಆ ಮುದುಕರನ್ನು ಕೊಂದದ್ದು ಅವನು ಸುದ್ದಿ ಕೊಡದೆ ಇದ್ದದ್ದು. ಇದು ಓದಿದ ಮೇಲೆ ಪ್ರತಿ ಶುಕ್ರವಾರ ಊರಿಗೆ ಫೋನ್ ಮಾಡುತ್ತೇನೆ, ಹೇಳಲು ಏನೂ ಇಲ್ಲದಿದ್ದರೂ. ಅಪ್ಪ ಮಳೆ ಬಂತಾ ಇಲ್ಲವಾ ಹೇಳುತ್ತಾರೆ. ನಾನು ಇಲ್ಲಿನ ಸೆಕೆ ಹೇಳುತ್ತೇನೆ. ಅಷ್ಟು ಸಾಕಾಗುತ್ತದೆ ಅವರಿಗೆ.

ಕುಂದಾಪುರದ ಓದುಗಿ

ತೋಟದ ಮನೆ ಅಣ್ಣ, ನಿಮ್ಮ ಬರಹದಲ್ಲಿ ನನಗೆ ಒಂದು ಕಡೆ ನಿಲ್ಲಬೇಕಾಯಿತು. ‘ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೆವು’ ಅಂತ ಬರೆದಿದ್ದೀರಿ. ಅಮ್ಮನನ್ನು ಕೇಳಿದಿರಾ?

ಬೇಜಾರು ಮಾಡಿಕೊಳ್ಳಬೇಡಿ, ‘ಮರಳಿ ಮಣ್ಣಿಗೆ’ ನೆನಪಾಗಿ ಕೇಳಿದೆ. ನಮ್ಮ ಕಡೆಯದೇ ಕತೆ ಅದು, ಕೋಡಿಯದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉಪ್ಪು ನೀರಿನ ಹೆದರಿಕೆಯಲ್ಲೇ ಬೆಳೆಯುವ ಗದ್ದೆ. ಮೂರು ತಲೆಮಾರಿನ ಕತೆ ಅನ್ನುತ್ತಾರೆ. ರಾಮ ಐತಾಳರು, ಅವರ ಮಗ ಲಚ್ಚ, ಲಚ್ಚನ ಮಗ ರಾಮ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದೂ ಹಾಗೆಯೇ. ಅಜ್ಜ, ಮಗ, ಮೊಮ್ಮಗ.

ನಾನು ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಇನ್ನೊಮ್ಮೆ ಓದಿದೆ. ಆಗ ಆ ಮನೆ ನಿಂತಿದ್ದು ಯಾರ ಬೆನ್ನ ಮೇಲೆ ಅಂತ ಗೊತ್ತಾಯಿತು. ಐತಾಳರ ಹೆಂಡತಿ ಪಾರೋತಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ತಂಗಿ ಸರಸೋತಿ. ನಟ್ಟಿ, ಸೊಪ್ಪು, ಗೊಬ್ಬರ, ದನ, ಅಡುಗೆ ಎಲ್ಲ ಅವರದೇ. ಮಳೆಗಾಲದಲ್ಲಿ ನೀರಿನಲ್ಲಿ ತೇಲಿ ಬರುವ ಕಟ್ಟಿಗೆ ಹಿಡಿಯಲು ಹೋಗುವವರೂ ಅವರೇ. ಇಷ್ಟಾಗಿಯೂ ಪಾರೋತಿಗೆ ಮಕ್ಕಳಾಗಲಿಲ್ಲ ಅಂತ ಐತಾಳರು ಸತ್ಯಭಾಮೆಯನ್ನು ಮದುವೆಯಾಗಿ ತರುತ್ತಾರೆ. ಪಾರೋತಿ ಏನು ಮಾಡುತ್ತಾಳೆ? ಇನ್ನೂ ಜಾಸ್ತಿ ದುಡಿಯುತ್ತಾಳೆ. ಸವತಿಯ ಮಗನನ್ನೂ ಮುದ್ದು ಮಾಡುತ್ತಾಳೆ. ಅದನ್ನು ತ್ಯಾಗ ಅಂತ ಹೊಗಳುವುದು ಸುಲಭ. ಅವಳಿಗೆ ಬೇರೆ ದಾರಿ ಇತ್ತಾ ಅಂತ ಯೋಚಿಸಿದರೆ ಎದೆ ಭಾರವಾಗುತ್ತದೆ.

ಆಮೇಲೆ ಲಚ್ಚನ ಹೆಂಡತಿ ನಾಗವೇಣಿ. ಓದಿದ ಗಂಡ, ಸೂಳೆಯರ ಮನೆ, ಇಸ್ಪೀಟು, ಅಲ್ಲಿಂದ ಹೊತ್ತು ತಂದ ರೋಗ. ಇದ್ದ ಆಸ್ತಿ ಅವನ ಕೈಯಲ್ಲೇ ಕರಗುತ್ತದೆ. ಮಗ ರಾಮನನ್ನು ಸಾಕಿ ನಿಲ್ಲಿಸಿದವಳು ಅವಳು. ಆ ರಾಮ ಮದ್ರಾಸಿನಲ್ಲಿ ಓದಿ, ಚಳವಳಿಗೆ ಇಳಿದು ಜೈಲು ಕಂಡು, ಮುಂಬಯಿಯಲ್ಲಿ ಕೆಲಸಕ್ಕೆ ಅಲೆದು, ಕೊನೆಗೆ ಕೋಡಿಗೆ ಬರುತ್ತಾನಲ್ಲ, ಅವನು ಮರಳಿ ಬರಲು ಒಂದು ಮನೆ ಅಂತ ಉಳಿದಿತ್ತಲ್ಲ, ಅದು ಈ ಹೆಂಗಸರಿಂದ. ಮಣ್ಣಿಗೆ ಮರಳುವವನ ಹೆಸರು ಪುಸ್ತಕಕ್ಕೆ ಬಂತು. ಮಣ್ಣು ಬಿಟ್ಟೇ ಹೋಗದವರು ಅಲ್ಲೇ ಇದ್ದರು.

ನನಗೆ ಇದರಿಂದ ಆದ ಉಪಯೋಗ ಹೇಳುತ್ತೇನೆ. ನನ್ನ ಅತ್ತೆ ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾರೆ ಅಂತ ನಾನು ನೋಡಲು ಶುರು ಮಾಡಿದೆ. ಮನೆಯಲ್ಲಿ ಏನೇ ನಿರ್ಧಾರ ಆದರೂ ಮೊದಲು ಅವರನ್ನು ಕೇಳುತ್ತೇನೆ. ಮೊದಮೊದಲು ‘ನನ್ನನ್ನು ಏನು ಕೇಳುತ್ತಿ, ನಿಮಗೆ ಸರಿ ಕಂಡ ಹಾಗೆ ಮಾಡಿ’ ಅನ್ನುತ್ತಿದ್ದರು. ಬಿಡದೆ ಕೇಳಬೇಕು. ನಾಲ್ಕನೇ ಸಲಕ್ಕೆ ನಿಜವಾದ ಉತ್ತರ ಬರುತ್ತದೆ.

ತೋಟದ ಮನೆ

ಅಕ್ಕ, ಕೇಳಿಲ್ಲ. ಅಮ್ಮನಿಗೆ ಒಂಟಿತನ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಈ ಶನಿವಾರ ಊರಿಗೆ ಹೋಗುತ್ತಿದ್ದೇನೆ.

ಪಿಯುಸಿ ಓದುಗ

ನಾನು ಕಾರಂತರನ್ನು ಒಂದೂ ಓದಿಲ್ಲ, ಪಠ್ಯದಲ್ಲಿ ಬಂದ ತುಂಡು ಬಿಟ್ಟರೆ. ಯಾವುದರಿಂದ ಶುರು ಮಾಡಲಿ? ಭಾಷೆ ಕಷ್ಟವಾ?

ನಿವೃತ್ತ ಮೇಷ್ಟ್ರು

ಮಗೂ, ‘ಚೋಮನ ದುಡಿ’ಯಿಂದ ಶುರು ಮಾಡು. ಸಣ್ಣ ಪುಸ್ತಕ, ಎರಡು ದಿನ ಸಾಕು. ಆಮೇಲೆ ‘ಬೆಟ್ಟದ ಜೀವ’. ‘ಮರಳಿ ಮಣ್ಣಿಗೆ’ಯನ್ನು ರಜೆಗೆ ಇಟ್ಟುಕೋ. ಭಾಷೆ ಕಷ್ಟ ಇಲ್ಲ. ಕರಾವಳಿಯ ಕೆಲವು ಮಾತು ಗೊತ್ತಾಗದಿದ್ದರೆ ನಿಲ್ಲಬೇಡ, ಓದುತ್ತಾ ಹೋಗು, ತಾನಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ‘ಮರಳಿ ಮಣ್ಣಿಗೆ’ ಅನ್ನುವ ಹೆಸರು ಈಗ ಘೋಷಣೆಯ ಹಾಗೆ ಆಗಿದೆ. ಕೆಲಸ ಬಿಟ್ಟು ಹಳ್ಳಿಗೆ ಬಂದವರೆಲ್ಲ ಅದನ್ನು ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ರಾಮ ಕೋಡಿಗೆ ಬರುವುದು ಬೇರೆ ಬಾಗಿಲೆಲ್ಲ ತಟ್ಟಿ ನೋಡಿದ ಮೇಲೆ. ಓದು, ಚಳವಳಿ, ಪಟ್ಟಣ ಯಾವುದನ್ನೂ ಅವನು ಸುಳ್ಳು ಅನ್ನುವುದಿಲ್ಲ. ಅವೆಲ್ಲವನ್ನೂ ಹೊತ್ತುಕೊಂಡೇ ಬರುತ್ತಾನೆ, ಪಿಟೀಲನ್ನೂ ಬಿಡದೆ. ಹಳೆಯದಕ್ಕೆ ಹಿಂತಿರುಗುವುದು ಬೇರೆ, ಹೊಸ ಮನುಷ್ಯನಾಗಿ ಹಳೆಯ ಜಾಗಕ್ಕೆ ಬರುವುದು ಬೇರೆ.

ಕಾರಂತರ ಬದುಕನ್ನೂ ಇದರ ಪಕ್ಕ ಇಟ್ಟು ನೋಡಬೇಕು ಅಂತ ನನಗೆ ಅನ್ನಿಸುತ್ತದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದವರು. ಗಾಂಧೀಜಿ ಕರೆ ಕೊಟ್ಟಾಗ ಕಾಲೇಜು ಬಿಟ್ಟರು. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು. ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಮೂರು ಸಂಪುಟ ಬರೆದರು. ಅದು ಸಾಲದು ಅಂತ ವಿಜ್ಞಾನಕ್ಕೆ ನಾಲ್ಕು ಸಂಪುಟ. ಯಕ್ಷಗಾನದ ಬಗ್ಗೆ ಬರೆದು ಸುಮ್ಮನೆ ಕೂರಲಿಲ್ಲ, ತಾವೇ ಹೆಜ್ಜೆ ಹಾಕಿ ಹೊಸ ರೂಪ ಕಟ್ಟಿದರು. ಇವುಗಳಲ್ಲಿ ಎಷ್ಟೋ ಕೆಲಸ ದುಡ್ಡು ತರಲಿಲ್ಲ, ಸಾಲ ತಂದವು. ಆತ್ಮಕತೆಗೆ ಅವರು ಇಟ್ಟ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’.

1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿ ಬಂದಾಗ ವಾಪಸ್ ಕೊಟ್ಟರು. 1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಅಂತ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ವಯಸ್ಸು ಆಗಲೇ 87. ಸೋತರು. ಸೋಲುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಹೇಳಬೇಕಾದ ಮಾತು ಇತ್ತು, ಹೇಳಲು ಅದೊಂದು ಜಗಲಿ ಸಿಕ್ಕಿತು.

ನಾನು ನಿವೃತ್ತನಾದ ವರ್ಷ 58ಕ್ಕೆ ಎಲ್ಲ ಮುಗಿಯಿತು ಅಂತ ಕೂತಿದ್ದೆ. ಇದನ್ನೆಲ್ಲ ಓದಿ ಎದ್ದೆ. ಈಗ ನಮ್ಮ ಊರಿನ ಗ್ರಂಥಾಲಯದಲ್ಲಿ ಭಾನುವಾರ ಮಕ್ಕಳಿಗೆ ಗಿಡ, ಹಕ್ಕಿ ತೋರಿಸುತ್ತೇನೆ. ಕೆಲವು ವಾರ ಹದಿನೈದು ಮಕ್ಕಳು ಬರುತ್ತಾರೆ. ಕೆಲವು ವಾರ ಒಬ್ಬನೇ.

ದುಡಿಯ ದನಿ

ಮೇಷ್ಟ್ರು ‘ಚೋಮನ ದುಡಿ’ಯಿಂದ ಶುರು ಮಾಡು ಅಂದರು. ಅದಕ್ಕೆ ನಾನೂ ಒಂದು ಮಾತು ಸೇರಿಸಬೇಕು. ನಮ್ಮ ಮನೆಯವರು ಚೋಮನ ಜಾತಿಯವರೇ. ಆ ಪುಸ್ತಕದಿಂದ ‘ಜೀವನ ಪಾಠ’ ಅಂತ ಹೇಳುವಾಗ ಜನ ತಾಳ್ಮೆ, ಆಸೆ, ವಿಧಿ ಅಂತೆಲ್ಲ ಬರೆಯುತ್ತಾರೆ. ನನಗೆ ಅದು ನೋವು ಕೊಡುತ್ತದೆ.

ಚೋಮನ ಹತ್ತಿರ ಜೋಡಿ ಎತ್ತು ಇತ್ತು. ಕೈಯಲ್ಲಿ ಬಲ ಇತ್ತು. ಬೇಸಾಯ ಗೊತ್ತಿತ್ತು. ಅವನು ಕೇಳಿದ್ದು ಒಂದು ತುಂಡು ಗದ್ದೆ, ಗೇಣಿಗೆ. ಸುಮ್ಮನೆ ಕೊಡಿ ಅನ್ನಲಿಲ್ಲ. ಧಣಿ ಸಂಕಪ್ಪಯ್ಯನವರಿಗೆ ಕೊಡೋಣ ಅನ್ನಿಸಿದರೂ ಅವರ ತಾಯಿ ಒಪ್ಪಲಿಲ್ಲ, ಹೊಲೆಯ ಬೇಸಾಯ ಮಾಡುವುದು ಅಂದರೇನು ಅಂತ. ಆಮೇಲೆ ನಡೆದದ್ದು ಗೊತ್ತಲ್ಲ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಗುರುವ ಮತ ಬದಲಿಸಿ ಅಲ್ಲೇ ಉಳಿದ. ಚನಿಯ ಜ್ವರ ಹೊತ್ತು ಬಂದು ಸತ್ತ. ಮಗಳು ಬೆಳ್ಳಿಯ ಮೈಯೂ ಆ ಸಾಲದ ಲೆಕ್ಕಕ್ಕೆ ಹೋಯಿತು. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು. ಜಾತಿ ಅಡ್ಡ ಬಂತು, ಕೈ ಚಾಚಲಿಲ್ಲ. ಕೊನೆಗೆ ಎತ್ತುಗಳನ್ನು ಬಿಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸತ್ತ. ಇದರಲ್ಲಿ ವಿಧಿ ಎಲ್ಲಿದೆ? ಪ್ರತಿಯೊಂದಕ್ಕೂ ಒಬ್ಬ ಮನುಷ್ಯ ಕಾರಣ ಇದ್ದಾನೆ. ಕಾರಂತರು ಅದನ್ನು 1933ರಲ್ಲಿ ಮುಚ್ಚುಮರೆ ಇಲ್ಲದೆ ಬರೆದರು ಅನ್ನುವುದಕ್ಕೆ ನನಗೆ ಗೌರವ ಇದೆ. ಚೋಮ ಎದುರು ನಿಂತು ಜಗಳ ಮಾಡಬೇಕಿತ್ತು ಅಂತ ನನ್ನ ಮಗ ಹೇಳುತ್ತಾನೆ. ಅವನ ಮಾತಿಗೂ ಗೌರವ ಇದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ಪುಸ್ತಕದ ಆಚೆಗಿನದು. 1974ರ ಭೂಸುಧಾರಣೆ ಬಂದಾಗ ದಕ್ಷಿಣ ಕನ್ನಡದಲ್ಲಿ ಎಷ್ಟೋ ಗೇಣಿದಾರರು ಈ ಗದ್ದೆ ನಾವು ಗೇಣಿಗೆ ಮಾಡುವುದು ಅಂತ ಡಿಕ್ಲರೇಶನ್ ಹಾಕಿ ಭೂಮಿ ಪಡೆದರು. ಒಳ್ಳೆಯದೇ ಆಯಿತು. ಆದರೆ ಆ ಭೂಮಿ ಗೇಣಿ ಇದ್ದವರಿಗೆ. ಮೂಲದಾಳಾಗಿ, ಅಂದರೆ ತಲೆಮಾರಿನಿಂದ ಒಂದೇ ಧಣಿಗೆ ಕಟ್ಟಿಬಿದ್ದ ಆಳಾಗಿ, ಕೂಲಿಯಾಗಿ ದುಡಿದವರ ಹೆಸರಲ್ಲಿ ಗೇಣಿ ಚೀಟಿಯೇ ಇರಲಿಲ್ಲ, ಅವರು ಏನು ಹಾಕುವುದು? ಸಂಕಪ್ಪಯ್ಯ ಅಂದು ಆ ಗದ್ದೆ ಗೇಣಿಗೆ ಕೊಟ್ಟಿದ್ದರೆ, 40 ವರ್ಷದ ನಂತರ ಚೋಮನ ಮೊಮ್ಮಕ್ಕಳು ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬಹುದಿತ್ತು. ಒಂದು ‘ಇಲ್ಲ’ ಎಷ್ಟು ತಲೆಮಾರು ಹೋಗುತ್ತದೆ ನೋಡಿ. ಜೀತ ಪದ್ಧತಿ ರದ್ದು ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಅಜ್ಜ ಅದಕ್ಕೆ ಮೊದಲೇ ಹೋಗಿದ್ದರು.

ತೋಟದ ಮನೆಯವರೇ, ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನೀವು ಮನಸ್ಸು ಬಿಚ್ಚಿ ಬರೆದಿದ್ದೀರಿ, ಹಾಗಾಗಿ ನಾನೂ ಬಿಚ್ಚಿಯೇ ಕೇಳುತ್ತೇನೆ. ಮೂರೂವರೆ ಎಕರೆಯಲ್ಲಿ ನೀರು ಹೋಗುವ ಕಣಿ ತೆಗೆದವರು, ಗೊಬ್ಬರ ಹೊತ್ತವರು ಯಾರು? ಮಾರುವ ಮಾತಿನಲ್ಲಿ ಅವರ ಹೆಸರು ಬಂತಾ?

ತೋಟದ ಮನೆ

ಬರಲಿಲ್ಲ.

ಒಬ್ಬರು ಇದ್ದಾರೆ. ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಎರಡನೇ ಕ್ಲಾಸಿನಲ್ಲಿ ಇದ್ದಾಗ ನಮ್ಮಲ್ಲಿಗೆ ಕೆಲಸಕ್ಕೆ ಬಂದವರು, ಈಗಲೂ ಬರುತ್ತಾರೆ. ಹೆಂಡತಿಯೂ ಬರುತ್ತಾರೆ, ಅಡಿಕೆ ಸುಲಿಯಲು. ಅಪ್ಪ ಹಾಸಿಗೆ ಹಿಡಿದಾಗ ನಾನು ಬರುವ ತನಕ ಎತ್ತಿ ಕೂರಿಸಿದವರು ಅವರೇ. ದಿನದ ಸಂಬಳ ಸರಿಯಾಗಿ ಕೊಟ್ಟಿದ್ದೇವೆ, ಬಾಕಿ ಇಲ್ಲ ಅಂತ ನಾನು ಇಷ್ಟು ದಿನ ನೆಮ್ಮದಿಯಿಂದ ಇದ್ದೆ. ನಿಮ್ಮ ಪ್ರಶ್ನೆ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ತೋಟ ಮಾರಿದರೆ ಅವರಿಗೆ 60ರ ವಯಸ್ಸಿನಲ್ಲಿ ಹೊಸ ಧಣಿ. ಅದೂ ಕೆಲಸಕ್ಕೆ ಇಟ್ಟುಕೊಂಡರೆ.

ರಾತ್ರಿ ಪಾಳಿ

ನಾನು ನರ್ಸ್. ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ನನಗೆ ಕಾರಂತರು ಅಂದರೆ ‘ಮೂಕಜ್ಜಿಯ ಕನಸುಗಳು’. 1968ರ ಪುಸ್ತಕ, 1977ರಲ್ಲಿ ಅದಕ್ಕೆ ಜ್ಞಾನಪೀಠ ಬಂತು.

ಮೂಕಜ್ಜಿಗೆ ಮದುವೆ ಅಂದರೆ ಏನು ಅಂತ ತಿಳಿಯುವ ಮೊದಲೇ ಗಂಡ ಸತ್ತ. ಜನ ಅವಳನ್ನು ಅರೆಹುಚ್ಚಿ ಅಂದುಕೊಂಡಿದ್ದಾರೆ. ಮೊಮ್ಮಗ ಸುಬ್ಬರಾಯ ಒಬ್ಬ ಮಾತ್ರ ಅಶ್ವತ್ಥ ಕಟ್ಟೆಯಲ್ಲಿ ಪಕ್ಕ ಕೂತು ಕೇಳುತ್ತಾನೆ. ಕೇಳಿದರೆ ಎಂಥ ಮಾತು ಬರುತ್ತದೆ! ದೇವರು ಹೇಗೆ ಹುಟ್ಟಿದ, ಗುಡಿ ಹೇಗೆ ಬಂತು, ಗಂಡು ಹೆಣ್ಣಿನ ಸಂಬಂಧ ಏನು. ಸುಖ ಕಾಣದ ಮುದುಕಿ, ಆದರೆ ಸುಖಪಟ್ಟವರ ಮೇಲೆ ಹೊಟ್ಟೆಕಿಚ್ಚು ಇಲ್ಲ. ಗಂಡನ ಮನೆ ಬಿಟ್ಟು ಊರ ಬಾಯಿಗೆ ಬಿದ್ದ ನಾಗಿಯನ್ನು ಅವಳು ದೂರುವುದಿಲ್ಲ. ಸಂಸಾರ ಬಿಟ್ಟು ಓಡುವುದೇ ದೊಡ್ಡದು ಅನ್ನುವವರನ್ನು ಅವಳು ಒಪ್ಪುವುದಿಲ್ಲ.

ನಮ್ಮ ವಾರ್ಡಿನಲ್ಲಿ ರಾತ್ರಿ ಹೊತ್ತು ಕೆಲವರು ಏನೇನೋ ಮಾತಾಡುತ್ತಾರೆ. ‘ಅವರಿಗೆ ತಲೆ ಸರಿ ಇಲ್ಲ ಸಿಸ್ಟರ್’ ಅಂತ ಮಕ್ಕಳೇ ಹೇಳಿ ಹೋಗಿರುತ್ತಾರೆ. ನಾನು ಕೈ ಹಿಡಿದು ಹತ್ತು ನಿಮಿಷ ಕೂರುತ್ತೇನೆ. ಒಬ್ಬ ಅಜ್ಜಿ ತನ್ನ ತವರಿನ ಹಸುಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದರು. ಹನ್ನೊಂದು ಹಸು. ಮಗನಿಗೆ ಹೇಳಿದೆ. ಅವನಿಗೆ ಒಂದರ ಹೆಸರೂ ಗೊತ್ತಿರಲಿಲ್ಲ. ಮರುದಿನ ಅವನೇ ನೋಟ್‌ಬುಕ್ ತಂದು ಪಕ್ಕ ಕೂತ.

ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು ನಾನು. ಯಾರೂ ‘ಅಳಿದ ಮೇಲೆ’ ಹೆಸರು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 1960ರ ಕಾದಂಬರಿ. ಯಶವಂತರಾಯರು ಅನ್ನುವವರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಉಳಿದ ಹಣವನ್ನೂ ಕಾಗದ ಪತ್ರವನ್ನೂ ಲೇಖಕರಿಗೆ ಬಿಟ್ಟು ಹೋಗಿರುತ್ತಾರೆ, ಸೇರಬೇಕಾದವರಿಗೆ ಸೇರಿಸಿ ಅಂತ. ತಿಂಗಳು ತಿಂಗಳು ಅವರು ಯಾರಿಗೋ ಹಣ ಕಳಿಸುತ್ತಿದ್ದರು. ಯಾರಿಗೆ, ಯಾಕೆ ಅಂತ ಹುಡುಕಿಕೊಂಡು ಹೋದಾಗ ಸತ್ತವರ ಬದುಕು ಒಂದೊಂದೇ ಮನೆಯಲ್ಲಿ ತೆರೆದುಕೊಳ್ಳುತ್ತದೆ. ಬೆನಕನಹಳ್ಳಿಯಲ್ಲಿ ಅವರನ್ನು ಸಾಕಿದ ಪಾರ್ವತಮ್ಮ ಅನ್ನುವ ಮುದುಕಿಯನ್ನು ಒಮ್ಮೆ ಓದಿದವರು ಮರೆಯುವುದಿಲ್ಲ.

ಯಶವಂತರಾಯರ ನಂಬಿಕೆ ಸರಳ. ಈ ಲೋಕದಿಂದ ನಾನು ಪಡೆದದ್ದು ಇಷ್ಟು, ಅದಕ್ಕಿಂತ ಒಂದಿಷ್ಟು ಜಾಸ್ತಿ ವಾಪಸ್ ಕೊಟ್ಟು ಹೋಗಬೇಕು. ಋಣ ಅನ್ನುವ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತೇವೆ. ದೇವರ ಋಣ, ಪಿತೃಗಳ ಋಣ ಅಂತ. ಕಾರಂತರು ಆ ಮಾತನ್ನು ಮನುಷ್ಯರ ಕಡೆಗೆ ತಿರುಗಿಸಿದರು.

ನಿವೃತ್ತನಾದ ದಿನ ರಾತ್ರಿ ಕೂತು ಎರಡು ಕಾಲಂ ಹಾಕಿದೆ. ಎಡಕ್ಕೆ ಪಡೆದದ್ದು, ಬಲಕ್ಕೆ ಕೊಟ್ಟದ್ದು. ಎಡಗಡೆಯಲ್ಲಿ ಎರಡು ಪುಟ ತುಂಬಿತು. ನನ್ನ ಹೈಸ್ಕೂಲು ಫೀಸು ಕಟ್ಟಿದ ಅಂಗಡಿಯವರು, ಟೈಫಾಯಿಡ್ ಬಂದಾಗ ಇಪ್ಪತ್ತು ದಿನ ಗಂಜಿ ಕೊಟ್ಟ ಪಕ್ಕದ ಮನೆಯ ಮುಸ್ಲಿಂ ತಾಯಿ, ಹೀಗೆ. ಬಲಗಡೆ ಅರ್ಧ ಪುಟವೂ ಆಗಲಿಲ್ಲ. ಅಂಗಡಿಯವರು ಈಗ ಇಲ್ಲ. ಅವರ ಮೊಮ್ಮಗಳ ನರ್ಸಿಂಗ್ ಓದಿಗೆ ನಾನು ಸೇರಿಕೊಂಡಿದ್ದೇನೆ. ಇದನ್ನು ದಾನ ಅಂತ ಕರೆಯಲು ನನಗೆ ನಾಚಿಕೆ. ಬಾಕಿ ತೀರಿಸುತ್ತಿದ್ದೇನೆ ಅಷ್ಟೇ, ಬಡ್ಡಿ ಇನ್ನೂ ಇದೆ.

ತೋಟದ ಮನೆಯವರೇ, ನೀವು ‘ಬಾಕಿ ಇಲ್ಲ’ ಅಂದಿರಿ. ಸಂಬಳದ ಪುಸ್ತಕದಲ್ಲಿ ಇಲ್ಲ. ನಿಮ್ಮ ಅಪ್ಪನನ್ನು ಎತ್ತಿ ಕೂರಿಸಿದ್ದನ್ನು ಯಾವ ಪುಸ್ತಕದಲ್ಲಿ ಬರೆದುಕೊಂಡಿದ್ದೀರಿ?

ಕೃಷಿಕ ಪುತ್ತೂರು

ಎಲ್ಲರ ಮಾತೂ ಮನಸ್ಸಿಗೆ ತಟ್ಟಿತು. ನಾನು ನೆಲದ ಮಾತು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕಾದಂಬರಿ ಓದಿದ ಬಿಸಿಯಲ್ಲಿ ತೋಟದ ನಿರ್ಧಾರ ತೆಗೆದುಕೊಂಡರೆ ಆಮೇಲೆ ಕಷ್ಟ.

ಹಳದಿ ಎಲೆ ರೋಗಕ್ಕೆ ಪೂರ್ತಿ ಗುಣ ಮಾಡುವ ಮದ್ದು ಇಲ್ಲ. ಗೊಬ್ಬರ ಸರಿಯಾಗಿ ಕೊಟ್ಟು, ಕಣಿ ಚೊಕ್ಕ ಇಟ್ಟು ನೀರು ನಿಲ್ಲದ ಹಾಗೆ ನೋಡಿಕೊಂಡರೆ ಕೆಲವು ವರ್ಷ ಎಳೆಯಬಹುದು. ವಿಟ್ಲದಲ್ಲಿ ತೋಟಗಾರಿಕೆ ಬೆಳೆಗಳ ಸಂಶೋಧನಾ ಕೇಂದ್ರ ಇದೆ, ಕಾಸರಗೋಡಿನ ಸಂಸ್ಥೆಯದು. ಒಮ್ಮೆ ಹೋಗಿ ಮಾತಾಡಿ. ಹೋದ ಮರಗಳ ಜಾಗದಲ್ಲಿ ಕಾಳುಮೆಣಸು, ಕೊಕ್ಕೋ, ಜಾಯಿಕಾಯಿ ಅಂತ ಬೇರೆಯವರು ಮಾಡುತ್ತಿದ್ದಾರೆ.

ಇನ್ನೊಂದು. ತೋಟವನ್ನು ಲೀಸಿಗೆ ಬರೆದುಕೊಡುತ್ತೇನೆ ಅಂತ ಹೋಗಬೇಡಿ. ನಮ್ಮ ರಾಜ್ಯದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡಲು ಕಾನೂನು ಬಿಡುವುದಿಲ್ಲ. ನಿಮ್ಮಲ್ಲಿ ದುಡಿದವರಿಗೆ ಒಂದು ತುಂಡು ಬಿಟ್ಟೇ ಕೊಡುವುದಾದರೆ ಸರಿಯಾಗಿ ಅವರ ಹೆಸರಿಗೆ ನೋಂದಣಿ ಮಾಡಿ ಕೊಡಿ. ಬಾಯಿ ಮಾತಿನಲ್ಲಿ ‘ಇದು ನಿನ್ನದೇ’ ಅಂದದ್ದೆಲ್ಲ ಮುಂದಿನ ತಲೆಮಾರಿಗೆ ಜಗಳ ಆಗುತ್ತದೆ. ಕಾಟುಮೂಲೆಯ ನಾರಾಯಣನಿಗೆ ಇದ್ದ ಹೆದರಿಕೆಯೂ ಅದೇ ಅಲ್ವಾ?

ತೋಟದ ಮನೆ

ಐದು ವಾರ ಆಯಿತು. ಏನಾಯಿತು ಅಂತ ಹೇಳದೆ ಇರುವುದು ಸರಿ ಅಲ್ಲ, ಅದಕ್ಕೆ ಬಂದೆ.

ಅಮ್ಮನನ್ನು ಕೇಳಿದೆ. ಅಕ್ಕ ಹೇಳಿದ ಹಾಗೇ ಆಯಿತು. ಮೊದಲ ಸಲ ‘ನಿಮಗೆ ಸರಿ ಕಂಡ ಹಾಗೆ’ ಅಂದರು. ಮರುದಿನ ಬೆಳಿಗ್ಗೆ ಕೇಳಿದೆ, ಕಾಫಿ ಸೋಸುತ್ತಾ ಇದ್ದರು, ಮಾತು ಬದಲಿಸಿದರು. ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಅಡಿಕೆ ಮಗುಚುತ್ತಾ ಕೂತಿದ್ದಾಗ ತಾವಾಗಿಯೇ ಶುರು ಮಾಡಿದರು. ಬೆಂಗಳೂರಿಗೆ ಬರಲು ಇಷ್ಟ ಇಲ್ಲ. ಮೂರೂವರೆ ಎಕರೆಯೂ ಬೇಡ, ಅದು ಅಪ್ಪನ ಆಸೆ ಆಗಿತ್ತು, ತನ್ನದು ಯಾವತ್ತೂ ಆಗಿರಲಿಲ್ಲ. ಮನೆ ಹಿಂದಿನ ಮುಕ್ಕಾಲು ಎಕರೆ ಇದ್ದರೆ ಸಾಕು, ಅಲ್ಲಿ ತರಕಾರಿ, ಹೂವು, ಸ್ವಲ್ಪ ಮೆಣಸು. ದನದ ಹಟ್ಟಿಯ ಕೆಲಸ ಇನ್ನು ಆಗುವುದಿಲ್ಲ. ರಾತ್ರಿ ಮಲಗಲು ಯಾರಾದರೂ ಜೊತೆ ಇದ್ದರೆ ಒಳ್ಳೆಯದು. ಇಷ್ಟು ಅವರ ಮನಸ್ಸಿನಲ್ಲಿ ಎರಡು ವರ್ಷದಿಂದ ಇತ್ತಂತೆ. ಯಾರೂ ಕೇಳಲಿಲ್ಲ ಅಂದರು, ಬೇಸರ ಇಲ್ಲದೆ.

ನಮ್ಮಲ್ಲಿ ದುಡಿದವರ ಮಾತು ನಾನು ಎತ್ತಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತೊರೆ ಬದಿಯ ಒಂದು ಎಕರೆ ಅವರಿಗೆ ಕೊಡಬಹುದು, ಅಲ್ಲಿ ರೋಗ ಕಡಿಮೆ, ನೀರೂ ಇದೆ ಅಂದರು. ರೋಗ ಇರುವ ತುಂಡು ಕೊಟ್ಟು ಕೊಟ್ಟೆ ಅಂತ ಹೇಳಿಕೊಳ್ಳಬೇಡ ಅಂತಲೂ ಹೇಳಿದರು. ಉಳಿದದ್ದನ್ನು ಮಾರುತ್ತೇವೆ. ಹೆಂಡತಿ ಒಪ್ಪಿದ್ದಾಳೆ. ತಂಗಿಯ ಜೊತೆ ಮಾತು ಇನ್ನೂ ನಡೆಯುತ್ತಾ ಇದೆ, ಅವಳಿಗೂ ಪಾಲಿದೆ, ಅವಳಿಗೆ ಪೂರ್ತಿ ಸಮಾಧಾನ ಆಗಿಲ್ಲ. ಅವಸರ ಮಾಡುವುದಿಲ್ಲ.

ನಮ್ಮಲ್ಲಿ ದುಡಿದ ಅವರಿಗೆ ವಿಷಯ ಹೇಳಿದಾಗ ನಂಬಲಿಲ್ಲ. ‘ಕಾಗದ ಆಗಲಿ, ಮತ್ತೆ ನೋಡುವ’ ಅಂದು ಕತ್ತಿ ಹಿಡಿದು ತೋಟಕ್ಕೆ ಹೋದರು. ಹಾಗೆ ಹೇಳುವ ಹಕ್ಕು ಅವರಿಗೆ ಇದೆ ಅಂತ ದುಡಿಯ ದನಿಯವರ ಮಾತು ಓದಿದ್ದರಿಂದ ಅರ್ಥವಾಯಿತು. ಮೊನ್ನೆ ಒಂದು ಎಕರೆ ಬೇರೆ ಮಾಡಲು ಸರ್ವೆ ಇಲಾಖೆಯ 11ಇ ನಕ್ಷೆಗೆ ಅರ್ಜಿ ಕೊಟ್ಟೆ. ಸರ್ವೆಯವರು ಬರಬೇಕು.

‘ಬೆಟ್ಟದ ಜೀವ’ ಈಗ ಅಮ್ಮನ ಹತ್ತಿರ ಇದೆ. ಕಣ್ಣಿಗೆ ಆಯಾಸ ಅಂತ ದಿನಕ್ಕೆ ನಾಲ್ಕು ಪುಟ ಓದುತ್ತಾರೆ. ನಿನ್ನೆ ಫೋನಿನಲ್ಲಿ, ಗೋಪಾಲಯ್ಯ ಬಿಸಿನೀರು ಹೊಯ್ಯುವ ಜಾಗಕ್ಕೆ ಬಂದೆ, ನಿನ್ನ ಅಪ್ಪನೂ ನೆಂಟರು ಬಂದರೆ ಹಾಗೆಯೇ ಅಲ್ವಾ ಅಂದರು. ಆಮೇಲೆ ಕೇಳಿದರು, ಆ ಹುಡುಗ ಶಂಭು ಕೊನೆಗೆ ಬರುತ್ತಾನಾ? ಓದಿ ಅಮ್ಮ, ನಾನು ಹೇಳುವುದಿಲ್ಲ ಅಂದೆ. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.

ಪಿಯುಸಿ ಓದುಗ

‘ಚೋಮನ ದುಡಿ’ ಮುಗಿಸಿದೆ ಮೇಷ್ಟ್ರೇ. ಎರಡು ದಿನ ಅಂದಿರಿ, ಒಂದೇ ರಾತ್ರಿಗೆ ಆಯಿತು. ನೀಲ ಮುಳುಗುವ ಕಡೆ ಪುಸ್ತಕ ಮುಚ್ಚಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಅಮ್ಮನಿಗೆ ಕತೆ ಹೇಳಿದೆ. ಈಗ ಅವಳೂ ಓದುತ್ತಿದ್ದಾಳೆ.